ಯಾದಿರಾ ಮಾರಿದ ಕಾರ್ಡ್

...ಇಲ್ಲ ಇಲ್ಲ, ಜಗಳಕ್ಕೆ ಬಂದಿಲ್ಲ ಯಾದಿರಾ. ಗಿರಾಕಿಯಾಗಿ ಬಂದಿದೀನಿ. ಯಾಕೆ, ಈ ನೆಸ್ಟರ್ ಕಿಂಟಾನಾ ಈ ಸಂತೆಗೆ ಬರಬಾರದು ಅಂತ ಏನಾದ್ರೂ ಇದೆಯಾ? ಭಾನುವಾರ ಬೆಳಿಗ್ಗೆ ಅರ್ಧ ಎಲ್ ಪಾಸೋ ಊರೇ ಇಲ್ಲಿ ಬಂದು ಬೀಳುತ್ತೆ, ನಾನೂ ಬಂದೆ. ಕಂಪ್ಯೂಟರಲ್ಲಿ ಗೇಮ್ ಆಡೋಕೆ ಒಂದು ಗ್ರಾಫಿಕ್ಸ್ ಕಾರ್ಡ್ ಬೇಕು. ಅಷ್ಟೇ.

ಯಾಕೆ ನಗ್ತಿದೀಯಾ? ...ನಗಲಿಲ್ವಾ. ಸರಿ.

ಇದು ಹೇಗೆ, ಈ ಎರಡು ಫ್ಯಾನಿಂದು? ಮೆಮೊರಿ ಎಂಟು ಜಿಬಿನಾ, ಹನ್ನೆರಡಾ? ನಮ್ಮಂಥ ಸ್ಟೂಡೆಂಟ್‌ಗಳಿಗೆ ಎಂಟು ಸಾಕು ಅಂತ ನೀನೇ ಹೇಳ್ತಿದ್ದೆ. ಹೊಸದರ ಆಸೆಗೆ ಬೀಳಬೇಡ, ಎರಡು ವರ್ಷ ಹಳೇದು ತಗೋ, ಮೊದಲು ನಿನ್ನ ಪವರ್ ಸಪ್ಲೈ ತಡೆಯುತ್ತಾ ನೋಡ್ಕೋ... ಕಾಲೇಜಿನ ಗೇಮಿಂಗ್ ಕ್ಲಬ್ಬಲ್ಲಿ ಎಲ್ಲರಿಗೂ ನೀನೇ ತಾನೇ ಆರಿಸಿ ಕೊಡ್ತಿದ್ದಿದ್ದು. ನನಗೂ. ಬೆಲೆ ಹೇಳು, ಚೌಕಾಸಿ ಮಾಡಲ್ಲ. ಚೀಟಿಯಲ್ಲಿ ಬರೆದಿರೋದಕ್ಕಿಂತ ಇಪ್ಪತ್ತು ಡಾಲರ್ ಜಾಸ್ತಿನೇ ಇಟ್ಕೋ.

ಯಾಕೆ, ಮಾರಲ್ವಾ? ಡಬ್ಬ ಯಾಕೆ ಆ ಕಡೆ ಎಳ್ಕೊಂಡೆ?

ಗೊತ್ತು. ಹಿಂದಿನ ಸಲ ನಿನ್ನ ಹತ್ರ ತಗೊಂಡು ನಾನು ಮಾಡಿದ್ದು... ಗೊತ್ತು ಕಣೇ. ಆದ್ರೆ ನನ್ನ ಪಾಡೂ ಸ್ವಲ್ಪ ನೋಡು. ನನ್ನ ರಕ್ತದ ಪ್ಲಾಸ್ಮಾ ಮಾರಿ ದುಡ್ಡು ಕೂಡಿಸಿದ್ದೆ. ವಾರಕ್ಕೆ ಎರಡು ಸಲ, ತೋಳಿಗೆ ಸೂಜಿ ಚುಚ್ಚಿಸ್ಕೊಂಡು ಗಂಟೆಗಟ್ಟಲೆ ಕೂತು. ಅಷ್ಟು ಮಾಡಿ ತಂದು ಹಾಕಿದ್ರೆ ಗೇಮ್ ಕುಂಟ್ತಾ ಕುಂಟ್ತಾ ಓಡ್ತಿತ್ತು. ತಲೆ ಕೆಟ್ಟುಹೋಯ್ತು. ಕ್ಲಬ್ ಗ್ರೂಪಲ್ಲಿ ಬರೆದುಬಿಟ್ಟೆ, ಯಾದಿರಾ ಸುಟ್ಟ ಕಾರ್ಡ್ ಮಾರ್ತಾಳೆ, ಹುಷಾರು ಅಂತ. ನೀನು ಮಾರನೇ ದಿನವೇ ದುಡ್ಡು ವಾಪಸ್ ಕಳಿಸಿದೆ. ಕಾರ್ಡ್ ತಂದುಕೊಡು, ಏನಾಗಿದೆ ನೋಡ್ತೀನಿ ಅಂದೆ. ನಾನು ಕಸಕ್ಕೆ ಎಸೆದೆ ಅಂದೆ. ಬಯ್ಯಬಾರದಿತ್ತಾ?

ಕ್ಲಬ್ ರೂಮಲ್ಲಿ ನಿನ್ನ ರಿಪೇರಿ ಮೇಜು ಇತ್ತಲ್ಲ, ನೀನು ಕ್ಲಬ್ ಬಿಟ್ಟ ಮೇಲೆ ಅದರ ಮೇಲೆ ಪಿಜ್ಜಾ ಡಬ್ಬ ಪೇರಿಸಿಡ್ತಾರೆ.

ತಪ್ಪು ನಂದೇ ಯಾದಿರಾ. ಹೇಳೋಕೇ ನಾಚಿಕೆ. ಮಾನಿಟರ್ ವೈರ್ ಇದೆಯಲ್ಲ... ಕಾರ್ಡಿಗೆ ಚುಚ್ಚಬೇಕಾದ್ದನ್ನ ಮದರ್‌ಬೋರ್ಡಿಗೆ ಚುಚ್ಚಿದ್ದೆ. ಕಾರ್ಡು ಪಾಪ, ಕೆಲಸವೇ ಇಲ್ಲದೆ ಸುಮ್ಮನೆ ಕೂತಿತ್ತು. ಹೊಸಬರು ಹೀಗೆ ಮಾಡಿದಾಗ ನಾವೇ ಎಷ್ಟು ಆಡ್ಕೊಂಡಿಲ್ಲ? ನಗು, ಈಗ ನಗಬಹುದು.

...ಯಾವಾಗ ಗೊತ್ತಾಯ್ತು ಅಂತಾನಾ? ನಿನ್ನೆ. ನಿನ್ನೆ ಧೂಳು ಒರೆಸೋಕೆ ಹಿಂದೆ ಕೈ ಹಾಕಿದೆ, ಆಗ. ವೈರ್ ಕಿತ್ತು ಕಾರ್ಡಿಗೆ ಚುಚ್ಚಿದೆ ನೋಡು, ಗೇಮ್ ನೀರು ಹರಿದ ಹಾಗೆ ಓಡ್ತು. ಆವಾಗಲೇ ಅಂದ್ಕೊಂಡೆ, ಬೆಳಗಾದ ತಕ್ಷಣ ಯಾದಿರಾ ಹತ್ರ ಹೋಗಿ...

ಯಾಕೆ ಹಾಗೆ ನೋಡ್ತೀಯಾ?

ಯಾವ ಕಾರ್ಡಿಗೆ... ಹೌದು. ಕಸಕ್ಕೆ ಎಸೆದೆ ಅಂದಿದ್ದೆ, ಅಲ್ವಾ.

ಆ ಕಡೆ ಕೂತಿರೋ ನಿಮ್ಮಮ್ಮನ್ನ ಕರೀಬೇಡ. ಹೇಳ್ತೀನಿ. ಎಸೆದಿಲ್ಲ. ಗೊತ್ತಾಗಿದ್ದು ನಿನ್ನೆ ಅಲ್ಲ. ನೀನು ದುಡ್ಡು ಕಳಿಸಿದ್ಯಲ್ಲ, ಅದೇ ಸಂಜೆ, ನೀನು ಕಾರ್ಡ್ ಕೇಳೋ ಮೊದಲೇ. ಅಷ್ಟೊತ್ತಿಗೆ ಗ್ರೂಪಲ್ಲಿ ಅರವತ್ತು ಜನ ನನ್ನ ಪರ ಬರೆದಾಗಿತ್ತು. ಒಂದು ವರ್ಷ ಆ ಕ್ಲಬ್ಬಲ್ಲಿ ಒಬ್ಬರೂ ನನ್ನ ಹೆಸರು ಹಿಡಿದು ಕರೆದಿರಲಿಲ್ಲ ಕಣೇ. ಅವತ್ತು ಎಲ್ಲರೂ ನೆಸ್ಟರ್, ನೆಸ್ಟರ್... ವೈರ್ ತಪ್ಪು ಕಡೆ ಚುಚ್ಚಿದ್ದೆ ಅಂತ ಹೇಗೆ ಹೇಳ್ಲಿ? ನಾನು ಪೆದ್ದ ಅನ್ನಿಸ್ಕೊಳ್ಳೋದಕ್ಕಿಂತ ನೀನು ಕಳ್ಳಿ ಅನ್ನಿಸ್ಕೊಳ್ಳೋದು ವಾಸಿ ಅನ್ನಿಸ್ತು. ನಾಲ್ಕು ತಿಂಗಳಿಂದ ಅನ್ನಿಸ್ತಾನೇ ಇದೆ. ಇಲ್ಲ, ಗ್ರೂಪಲ್ಲಿ ಇನ್ನೂ ಬರೆದಿಲ್ಲ. ಇಲ್ಲಿ ಒಂದು ಕಾರ್ಡ್ ತಗೊಂಡು ಜಾಸ್ತಿ ದುಡ್ಡು ಕೊಟ್ಟುಬಿಟ್ರೆ, ಹೇಳದೇನೇ ಮುಗಿದುಹೋಗುತ್ತೆ ಅಂತ...

ಬಯ್ಯಿ ಯಾದಿರಾ.

...ಆ ಕಾರ್ಡಾ? ದಿನಾ ಆಡ್ತೀನಿ ಅದರಲ್ಲಿ. ಒಳ್ಳೇ ಕಾರ್ಡು. ಒಂದು ದಿನವೂ ತೊಂದರೆ ಕೊಟ್ಟಿಲ್ಲ.