ಓದಲು ಮಾತ್ರ ತೆರೆದ ಫೈಲು

ದೀಪ ಉರಿಯುತ್ತಿರಲಿ, ಆರಿಸಬೇಡಿ. ಇದನ್ನು ಕತ್ತಲಲ್ಲಿ ಹೇಳುವ ಧೈರ್ಯ ನನಗಿಲ್ಲ. ಹೇಳದೆ ಇರುವ ತಾಳ್ಮೆಯೂ ಇಲ್ಲ.

ಇದು ಆದದ್ದು ನನ್ನ ಚಿಕ್ಕಮ್ಮನ ಮಗಳಿಗೆ. ಅವಳನ್ನು ನಾವೆಲ್ಲ ಗುಬ್ಬಿ ಅಂತಲೇ ಕರೆಯುವುದು. ಕೆಲಸವೂ ಹೆಸರಿಗೆ ತಕ್ಕದ್ದೇ. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ಒಂದೊಂದೇ ತಪ್ಪನ್ನು ಕಾಳು ಹೆಕ್ಕಿದ ಹಾಗೆ ಹೆಕ್ಕಿ ತೆಗೆಯಬೇಕು. ಅತ್ತೆಮನೆಯಲ್ಲಿ ಅದೇ ಕೆಲಸವನ್ನು ಬಿಟ್ಟಿ ಮಾಡುತ್ತಾರೆ, ಇವಳಿಗೆ ಸಂಬಳ ಕೊಡುತ್ತಾರೆ ಅಂತ ನಾನೇ ಎಷ್ಟೋ ಸಲ ಛೇಡಿಸಿದ್ದೆ.

ಅವಳ ಆಫೀಸಿನಿಂದ ನಮ್ಮ ಮನೆಗೆ ಬರುವ ಓಣಿಯ ತಿರುವಿನಲ್ಲಿ ಒಂದು ಹಾಳುಬಾವಿ ಇದೆ. ಬಾಯಿಗೆ ಕಬ್ಬಿಣದ ಜಾಲರಿ. ಕತ್ತಲಾದ ಮೇಲೆ ಅಲ್ಲಿ ಎಂಥ ಗಂಡಸೂ ಹೆಜ್ಜೆ ಚುರುಕು ಮಾಡುತ್ತಾನೆ. ಆ ರಾತ್ರಿ ಹತ್ತೂವರೆಗೆ ಗುಬ್ಬಿ ಒಬ್ಬಳೇ ನಡೆದು ಬಂದಳು. ಬಾವಿಯ ಹತ್ತಿರ ನಿಂತಳಂತೆ. ಜಾಲರಿಯನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದಳಂತೆ... ಅದು ಜಗ್ಗಲಿಲ್ಲ. ಆಮೇಲೆ ಬಂದು ನಮ್ಮ ಬಾಗಿಲು ತಟ್ಟಿದಳು.

"ಅಕ್ಕಾ... ಬಾಗಿಲು ತೆಗಿ."

ತೆಗೆದೆ. ಮುಖದಲ್ಲಿ ರಕ್ತವೇ ಇರಲಿಲ್ಲ.

"ಏನೇ, ಬಾವಿ ಹತ್ರ ಹೆದರಿದ್ಯಾ?"

"ಬಾವಿಗಾದ್ರೂ ಜಾಲರಿ ಹಾಕಿದಾರಲ್ಲಕ್ಕ," ಅಂದಳು. ಹಲ್ಲು ಕಚ್ಚಿಕೊಂಡಿದ್ದಳು. ಆಗ ಗೊತ್ತಾಯಿತು ನನಗೆ. ಇದು ಬರೀ ಹೆದರಿಕೆ ಅಲ್ಲ. ಇವಳಿಗೆ ಸಿಟ್ಟು ಬಂದಿದೆ.

ಒಳಗೆ ನಮ್ಮ ಮನೆಯವರ ಗೊರಕೆ ನಡೆದಿತ್ತು. ಅಡುಗೆಮನೆಯ ನೆಲದ ಮೇಲೆ ಕೂತೆವು. ಅವಳು ಪಿಸುದನಿಯಲ್ಲಿ ಶುರು ಮಾಡಿದಳು.

ಅವಳ ಆಫೀಸು ಏಳು ಮಹಡಿಯ ಹಳೇ ಕಟ್ಟಡದ ಮೂರನೇ ಮಹಡಿಯಲ್ಲಿ. ಕಟ್ಟಡವೂ ಕಂಪನಿಯೂ ಒಬ್ಬನದೇ. ಏನು ಕೇಳಿದರೂ "ಸಮಾಧಾನ, ಸಮಾಧಾನ" ಅನ್ನುತ್ತಾನೆ. ಹಾಗಾಗಿ ಅಲ್ಲಿ ಎಲ್ಲರ ಬಾಯಲ್ಲಿ ಅವನು ಸಮಾಧಾನಪ್ಪ. ಬೆಂಕಿ ಬಿದ್ದರೂ ಸಮಾಧಾನ. ಬೇರೆಯವರ ಮನೆಗೆ ಬಿದ್ದರೆ ಇನ್ನೂ ಸಮಾಧಾನ.

ಕಟ್ಟಡದ ಲಿಫ್ಟು ಹಳೇ ಕಾಲದ್ದು. ಹೊರಗೆ ಮರದ ಬಾಗಿಲು, ಒಳಗೆ ಜನ ನಿಲ್ಲುವ ಪೆಟ್ಟಿಗೆ, ಅದಕ್ಕೆ ಎಳೆಯುವ ಕಬ್ಬಿಣದ ಗೇಟು. ಅದನ್ನು ನಡೆಸುವುದಕ್ಕೆ ಒಬ್ಬ ಲಿಫ್ಟಣ್ಣ ಇದ್ದ. ಐವತ್ತೆಂಟು ದಾಟಿದ ಸಣಕಲು ಮನುಷ್ಯ. ಬಾಗಿಲು ತೆರೆಯುವ ಮುಂಚೆ ಕೈಯಲ್ಲಿದ್ದ ಬೀಗದ ಕೈಯಿಂದ ಗೇಟಿಗೆ ಮೂರು ಸಲ ಬಡಿಯುವುದು ಅವನ ಅಭ್ಯಾಸ. ಟಣ್... ಟಣ್... ಟಣ್. "ಒಳಗಿರೋರು ಹುಷಾರು" ಅಂತ ಅರ್ಥ.

ಅವನ ಬೆರಳಿಗೆ ಸದಾ ಗ್ರೀಸು. ಲಿಫ್ಟಿನ ಬಗ್ಗೆ ದೂರು ಇದ್ದರೆ ಕಂಪ್ಯೂಟರಿನಲ್ಲಿ ಹಾಕಬೇಕು ಅಂತ ಸಮಾಧಾನಪ್ಪನೇ ನಿಯಮ ಮಾಡಿದ್ದ. ಹಾಗಾಗಿ ಲಿಫ್ಟಣ್ಣ ಮೂರನೇ ಮಹಡಿಗೆ ಬಂದು, ಮೂಲೆಯ ಕಂಪ್ಯೂಟರಿನ ಮುಂದೆ ನಿಂತು, ಒಂದೇ ಬೆರಳಲ್ಲಿ ಒತ್ತುತ್ತಿದ್ದ. ಕಟ್... ಕಟ್... ಕಟ್. ಅವನು ಹೋದ ಮೇಲೆ ಕೀಲಿಗಳ ಮೇಲೆ ಕರೀ ಗುರುತು. ಒರೆಸುವುದು ಗುಬ್ಬಿಯ ಕೆಲಸ.

ಬರೆಯುತ್ತಿದ್ದದ್ದು ಪ್ರತಿ ಸಲ ಅದೇ. ತಾರೀಖು, ಗಂಟೆ, ನಿಮಿಷ. ಆಮೇಲೆ, "ಮೂರನೇ ಮಹಡಿ. ಬಾಗಿಲು ತೆರೆಯುತ್ತೆ. ಪೆಟ್ಟಿಗೆ ಬಂದಿರಲ್ಲ."

ಎಂಟು ತಿಂಗಳಲ್ಲಿ ಹದಿನೇಳು ಸಲ. ಬೇರೆಯವರಾಗಿದ್ದರೆ ಹದಿನೇಳನೇ ಸಲ ಕೀಬೋರ್ಡನ್ನೇ ಎತ್ತಿ ಎಸೆಯುತ್ತಿದ್ದರು. ಅವನು ಅದೇ ಸಾಲನ್ನು ಇನ್ನೊಂದು ಸಲ ಬರೆಯುತ್ತಿದ್ದ. ಸಿಟ್ಟಿಗೆ ಅವನ ಹತ್ತಿರ ಇದ್ದದ್ದು ಅದೊಂದೇ ದಾರಿ.

"ನಾನೇ ಅಳಿಸಿದ್ದು ಅಕ್ಕ," ಅಂದಳು ಗುಬ್ಬಿ.

"ಏನನ್ನ?"

"ಎಲ್ಲಾನೂ. ಹದಿನೇಳೂ."

ಕಂಪ್ಯೂಟರಿಗೆ ಒಂದು ಫೈಲು ತೆರೆ ಅಂತ ಹೇಳುವಾಗ, ಯಾಕೆ ತೆರೆಯಬೇಕು ಅಂತಲೂ ಹೇಳಬೇಕಂತೆ. ಓದೋಕೆ ಅಂದರೆ ಓದಬಹುದು ಅಷ್ಟೆ, ಒಂದಕ್ಷರ ಬರೆಯಲು ಬಿಡುವುದಿಲ್ಲ. ಸೇರಿಸೋಕೆ ಅಂದರೆ ಹಳೆಯದು ಹಾಗೇ ಇರುತ್ತದೆ, ಹೊಸ ಸಾಲು ಕೊನೆಗೆ ಕೂರುತ್ತದೆ. ಬರೆಯೋಕೆ ಅಂದರೆ... ತೆರೆದ ಕ್ಷಣವೇ ಹಳೆಯದೆಲ್ಲ ಮಾಯ. ಇನ್ನೂ ಒಂದಕ್ಷರ ಬರೆದಿರುವುದಿಲ್ಲ, ಆಗಲೇ ಹಾಳೆ ಖಾಲಿ. ಯಾವ ಫೈಲು ಯಾವುದಕ್ಕೆ ತೆರೆದುಕೊಳ್ಳುತ್ತದೆ, ಯಾವುದಕ್ಕೆ ಇಲ್ಲ ಅಂತ ಪರೀಕ್ಷೆ ಮಾಡುವುದೇ ಗುಬ್ಬಿಯ ಕೆಲಸ. ನಕಲು ಮಾಡಿಕೊಂಡು, ನಕಲಿನ ಮೇಲೆ ಮಾಡುತ್ತಾಳೆ. ಆ ದಿನ ಸಮಾಧಾನಪ್ಪ ಬೆನ್ನ ಹಿಂದೆ ನಿಂತು, "ನಕಲು ಗಿಕಲು ಯಾಕಮ್ಮ, ಸೀದಾ ಅದರ ಮೇಲೇ ಮಾಡು, ಹೊತ್ತಾಯ್ತು" ಅಂದ. ಇವಳು ದೂರಿನ ಫೈಲಿನಲ್ಲಿ ಬರೆಯಲು ಆಗುತ್ತದೋ ಇಲ್ಲವೋ ಅಂತ ನೋಡುವುದಕ್ಕೆ... ಬರೆಯೋಕೆ ಅಂತಲೇ ತೆರೆದಳು.

ಆಗುತ್ತದೆ ಅಂತ ಉತ್ತರ ಬಂತು. ಫೈಲು ಖಾಲಿ.

ಹಲಗೆಯ ಮೇಲೆ ಬರೆಯಬಹುದಾ ಅಂತ ನೋಡೋಕೆ ಇದ್ದದ್ದನ್ನೆಲ್ಲ ಒರೆಸಿದ ಹಾಗೆ.

"ಹೇಳ್ದೆ ಅಕ್ಕ ಅವನಿಗೆ, ಆವಾಗ್ಲೇ. ಏನಂದ ಗೊತ್ತಾ? ಸಮಾಧಾನ, ಹಳೇ ದೂರು ತಾನೇ, ಹೋದ್ರೆ ಹೋಗ್ಲಿ."

ನಾಲ್ಕು ದಿನ ಕಳೆಯಿತು. ಐದನೇ ದಿನ ಬೆಳಿಗ್ಗೆ ಕಸ ಗುಡಿಸುವಾಕೆ ನೆಲಮಾಳಿಗೆಗೆ ಇಳಿದವಳು ಕಿರುಚಿಕೊಂಡಳು. ಲಿಫ್ಟಣ್ಣ ಲಿಫ್ಟಿನ ಗುಂಡಿಯ ತಳದಲ್ಲಿ ಬಿದ್ದಿದ್ದ. ಮೂರನೇ ಮಹಡಿಯ ಬಾಗಿಲು ತೆರೆದೇ ಇತ್ತು.

ವಿಚಾರಣೆಗೆ ಅಧಿಕಾರಿ ಬಂದರು. ದಪ್ಪ ಕನ್ನಡಕ, ಕಡಿಮೆ ಮಾತು. ದೂರಿನ ಫೈಲು ತೆರೆಸಿದರು. ಖಾಲಿ. "ಒಂದೇ ಒಂದು ದೂರಿಲ್ಲ ನೋಡಿ ಸಾರ್," ಅಂದ ಸಮಾಧಾನಪ್ಪ. "ಕುಡಿದಿರಬೇಕು ಪಾಪ." ಅಧಿಕಾರಿ ಅದನ್ನೂ ಬರೆದುಕೊಂಡರು. ಲಿಫ್ಟಣ್ಣನ ಮಗಳು ಬಟ್ಟೆ ಹೊಲಿಯುವ ಹುಡುಗಿ. ಬಾಗಿಲ ಹತ್ತಿರ ನಿಂತಿದ್ದಳು. "ನಮ್ಮಪ್ಪ ಕುಡೀತಿರ್ಲಿಲ್ಲ ಸಾರ್. ಬರೀತಿದ್ದ. ಬರೆದೂ ಬರೆದೂ ಸಾಕಾಯ್ತು ಅಂತಿದ್ದ." ಅಂದವಳು ಗುಬ್ಬಿಯ ಕಡೆ ನೋಡಿದಳಂತೆ.

"ನೀನೇನಂದೆ?"

ಗುಬ್ಬಿ ನೆಲ ನೋಡಿದಳು.

"ಬಾಯಿಗೆ ಬೀಗ ಹಾಕ್ಕೊಂಡಿದ್ದೆಯೇನೇ!" ನಾನು ಕೂಗಿಯೇ ಬಿಟ್ಟೆ. ಒಳಗೆ ಗೊರಕೆ ಒಂದು ಗಳಿಗೆ ನಿಂತಿತು... ಮತ್ತೆ ಶುರುವಾಯಿತು. "ಸತ್ತವನ ಬಾಯಿ ನೀನೇ ಅಳಿಸಿ, ಅವನ ಮಗಳ ಮುಂದೆ ಕಲ್ಲಿನ ಹಾಗೆ ನಿಂತಿದ್ಯಲ್ಲ!"

"ಬೈಯಿ ಅಕ್ಕ. ಅದಕ್ಕೇ ಬಂದಿದ್ದು. ಆದ್ರೆ ಪೂರ್ತಿ ಕೇಳು."

ಅಧಿಕಾರಿ ಹೊರಡುವಾಗ ಹೇಳಿದ್ದು ಇಷ್ಟು. ಹದಿನೆಂಟು ದಿನ ಬಿಟ್ಟು ಮತ್ತೆ ಬರುತ್ತೇನೆ. ಅಲ್ಲಿಯವರೆಗೆ ಆ ಫೈಲು ಓದೋಕೆ ಮಾತ್ರ. ದಿನಾ ಸಂಜೆ ಪರೀಕ್ಷೆ ಮಾಡಿ, ಯಾರಿಂದಲೂ ಬರೆಯೋಕೆ ಆಗುತ್ತಿಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು. ಲಿಫ್ಟಿಗೆ ಬರುವ ಕರೆಂಟು ತೆಗೆಸಿ, ಎಲ್ಲ ಮಹಡಿಯ ಬಾಗಿಲಿಗೂ ಬೀಗ ಹಾಕಿ ಮೊಹರು ಮಾಡಿಸಿದರು. ಕೀಬೋರ್ಡು ಬದಲಾಯಿತು. ಕಂಪ್ಯೂಟರಿನ ಮೇಲೆ ಒಂದು ಗುರುತೂ ಉಳಿಯಲಿಲ್ಲ.

ಮೊದಲನೇ ಸಂಜೆ ಗುಬ್ಬಿ ಫೈಲನ್ನು ಓದೋಕೆ ಅಂತ ತೆರೆದಳು. ಪರೀಕ್ಷೆಗೆ "ಒಂದು" ಅಂತ ಬರೆಯಲು ನೋಡಿದಳು. ಆಗುವುದಿಲ್ಲ ಅಂತ ಬರಬೇಕು. ಆಗುವುದಿಲ್ಲ ಅಂತ ಬಂದರೇನೇ ಪಾಸು.

ಪರದೆಯ ಮೇಲೆ ಬಂತು: ಬರೆಯಲಾಗಿದೆ.

ಇನ್ನೊಂದು ಸಲ ಮಾಡಿದಳು. ಆಗುವುದಿಲ್ಲ ಅಂತು. ಫೈಲು ನೋಡಿದಳು. ಅವಳು ಕೊಟ್ಟ "ಒಂದು" ಅಲ್ಲಿರಲಿಲ್ಲ. ಎಂಟು ತಿಂಗಳ ಹಿಂದಿನ ತಾರೀಖು... ಗಂಟೆ... ನಿಮಿಷ... "ಮೂರನೇ ಮಹಡಿ. ಬಾಗಿಲು ತೆರೆಯುತ್ತೆ. ಪೆಟ್ಟಿಗೆ ಬಂದಿರಲ್ಲ."

ಮಾರನೇ ಸಂಜೆ ಎರಡು ಸಾಲು. ಅದರ ಮಾರನೇ ಸಂಜೆ ಮೂರು.

"ಯಾರಿಗೂ ಹೇಳ್ಲಿಲ್ವಾ?"

"ಏನಂತ ಹೇಳ್ಲಿ? ಇದನ್ನ ಹೇಳಿದ್ರೆ ಅದನ್ನೂ ಹೇಳ್ಬೇಕಲ್ಲ."

ಹೀಗೆ ಹದಿನೇಳು ಸಂಜೆ. ಹದಿನೇಳನೆಯದು ಇವತ್ತು. ಎಲ್ಲರೂ ಹೋದ ಮೇಲೆ ಸಮಾಧಾನಪ್ಪ ಬಂದ. ನಾಳೆ ಅಧಿಕಾರಿ ಬರುತ್ತಾರೆ, ಎಲ್ಲ ಸರಿಯಾಗಿದೆಯಾ ನೋಡೋಣ ಅಂತ ಫೈಲು ತೆರೆಸಿದ. ಹದಿನೇಳು ಸಾಲು ಓದಿದ. ಮುಖ ಕೆಂಪಾಯಿತು.

"ಯಾರು ಬರೆದದ್ದು? ನೀನಾ?"

"ಇದು ಓದೋಕೆ ಮಾತ್ರ ಸಾರ್. ಬರೆಯೋಕಾಗಲ್ಲ."

"ನಂಗೇ ಪಾಠ ಹೇಳ್ತೀಯಾ? ಬರೆಯೋಕೆ ಅಂತ ತೆರೆ. ಖಾಲಿ ಮಾಡು. ಒಂದ್ಸಲ ಮಾಡಿದ್ದೀಯಲ್ಲಮ್ಮ, ಕೈ ಪಳಗಿದೆ."

ಆ ಮಾತು... ಆ ಮಾತಿಗೆ ಅವಳಿಗೆ ತಲೆಯವರೆಗೂ ಉರಿ ಹತ್ತಿತಂತೆ. ಹದಿನೇಳು ದಿನದಿಂದ ತನ್ನ ಮೇಲಿದ್ದ ಸಿಟ್ಟೆಲ್ಲ ಒಟ್ಟಿಗೆ ಅವನ ಕಡೆ ತಿರುಗಿತಂತೆ.

"ನಾನು ಮಾಡಲ್ಲ."

"ಕೆಲಸ ಬೇಕಾ ಬೇಡ್ವಾ?"

"ಬೇಡ. ನಿಮಗೆ ಬೇಕಾದ್ರೆ ನೀವೇ ಅಳಿಸಿ. ಈ ಸಲ ಯಾರು ಅಳಿಸಿದ್ರು ಅಂತ ಒಬ್ಬರಾದ್ರೂ ನೋಡಿರ್ತಾರೆ."

ಅವನು ತನ್ನ ಗಾಜಿನ ಕೋಣೆಗೆ ಹೋಗಿ ಕೂತ. ಯಜಮಾನನ ಕಂಪ್ಯೂಟರು, ಅದಕ್ಕೆ ಯಾವ ಬೀಗವೂ ಅಡ್ಡ ಬರುವುದಿಲ್ಲ. ಬೆಳ್ಳಗಿನ ಕೀಬೋರ್ಡು. ಬೇರೆ ಯಾರಾದರೂ ಮುಟ್ಟಿದರೆ ಸಿಡುಕುತ್ತಾನೆ. ಬರೆಯೋಕೆ, ಅಂತ ಒತ್ತಿದ.

ಆಗ ಹೊರಗಿನಿಂದ...

ಟಣ್.

ಸಮಾಧಾನಪ್ಪ ತಲೆ ಎತ್ತಿದ.

ಟಣ್... ಟಣ್.

ಕರೆಂಟಿಲ್ಲದ ಲಿಫ್ಟು. ಮೊಹರು ಹಾಕಿದ ಬಾಗಿಲು. ಅದರ ಒಳಗಿಂದ ಬರುತ್ತಿತ್ತು. ಮೊದಲೆಲ್ಲ ಮೆಲ್ಲಗೆ, ಮರ್ಯಾದೆಯಿಂದ ಬಡಿಯುತ್ತಿದ್ದ ಮನುಷ್ಯ. ಈಗ ಕಬ್ಬಿಣ ಬಿರಿಯುವ ಹಾಗೆ. ಟಣ್! ಟಣ್! ಟಣ್! ಆಮೇಲೆ ಒಳಗಿನ ಗೇಟು ಎಳೆದ ಸದ್ದು. ಕಿರ್ರ್ರ್... ಅಷ್ಟೆ. ಆಮೇಲೆ ಏನೂ ಇಲ್ಲ. ಬೀಳುವ ಸದ್ದಿಗೆ ಇಬ್ಬರೂ ಕಾದರಂತೆ... ಅದು ಬರಲೇ ಇಲ್ಲ.

ಬಂದದ್ದು ಬೇರೆ ಸದ್ದು. ಗಾಜಿನ ಕೋಣೆಯ ಒಳಗೆ. ಸಮಾಧಾನಪ್ಪ ಎರಡೂ ಕೈ ಎದೆಗೆ ಒತ್ತಿಕೊಂಡು ಗೋಡೆಗೆ ಅಂಟಿ ನಿಂತಿದ್ದ.

ಕಟ್... ಕಟ್... ಕಟ್.

ಒಂದೇ ಬೆರಳಿನ ಸದ್ದು.

ನಿಂತ ಮೇಲೆ ಗುಬ್ಬಿಯೇ ಹೋಗಿ ಪರದೆ ನೋಡಿದಳು. ತೆರೆದದ್ದು ಬರೆಯೋಕೆ. ಎಲ್ಲ ಅಳಿಸಿಹೋಗಿರಬೇಕಿತ್ತು. ಹದಿನೇಳೂ ಹಾಗೇ ಇದ್ದವು. ಕೆಳಗೆ ಹದಿನೆಂಟನೆಯದು.

ಸಮಾಧಾನಪ್ಪ ಕೋಣೆಗೆ ಬೀಗ ಹಾಕದೆ, ಗೋಡೆ ಹಿಡಿದುಕೊಂಡು, ಮೆಟ್ಟಿಲು ಇಳಿದು ಹೋದ. ಸಮಾಧಾನ ಅನ್ನಲಿಲ್ಲ.

"ಪ್ರಿಂಟು ತೆಗೆದಿದೀನಿ," ಅಂದಳು ಗುಬ್ಬಿ. ಚೀಲದಿಂದ ಹಾಳೆ ತೆಗೆದು ನನ್ನ ಮಡಿಲಿಗೆ ಹಾಕಿದಳು. "ನಾಳೆ ಹೇಳ್ತೀನಿ ಅಕ್ಕ. ನಾನೇ ಅಳಿಸಿದ್ದು ಅಂತಾನೂ ಹೇಳ್ತೀನಿ. ನೀನು ಜೊತೆಗೆ ಬಾ. ಮತ್ತೆ ನೆಲ ನೋಡಿದ್ರೆ ಗಲ್ಲಕ್ಕೆ ಒಂದು ಬಿಗಿ."

ಹೋದೆ. ಇನ್ನು ಮುಂದಿನದು ಕೇಳಿದ್ದಲ್ಲ, ನಾನೇ ಕಣ್ಣಾರೆ ಕಂಡದ್ದು.

ಗುಬ್ಬಿ ನೆಲ ನೋಡಲಿಲ್ಲ. ಅಳಿಸಿದ್ದನ್ನು ಹೇಳಿದಳು, ಯಾರು ಅವಸರ ಮಾಡಿದರು ಅನ್ನುವುದನ್ನೂ ಹೇಳಿದಳು. ಹಾಳೆ ಮುಂದಿಟ್ಟಳು. ಸಮಾಧಾನಪ್ಪ ರಾತ್ರಿಯೆಲ್ಲ ನಿದ್ದೆಗೆಟ್ಟ ಕಣ್ಣಲ್ಲಿ, "ಇವಳೇ ಕೂತು ಬರೆದಿದಾಳೆ ಸಾರ್, ನಂಬಬೇಡಿ" ಅಂದ.

ಆಗ ಲಿಫ್ಟಣ್ಣನ ಮಗಳು ಮುಂದೆ ಬಂದಳು. ಅಪ್ಪನ ಅಂಗಿಯ ಗಂಟು ಆಸ್ಪತ್ರೆಯಿಂದ ಹಿಂದಿನ ದಿನವಷ್ಟೇ ಅವಳ ಕೈಗೆ ಬಂದಿತ್ತು. ಜೇಬಿನಲ್ಲಿ ಅಂಗೈಯಗಲದ ಒಂದು ಪುಸ್ತಕ. ದೂರು ಹಾಕುವ ಮುಂಚೆ ಅದರಲ್ಲಿ ಗುರುತು ಮಾಡಿಕೊಳ್ಳುತ್ತಿದ್ದನಂತೆ. ತಾರೀಖು, ಗಂಟೆ, ನಿಮಿಷ. ಅದೊಂದು ಇದೆ ಅಂತಲೇ ಗುಬ್ಬಿಗೆ ಗೊತ್ತಿರಲಿಲ್ಲ. ಅಧಿಕಾರಿ ಹಾಳೆಯ ಪಕ್ಕಕ್ಕೆ ಪುಸ್ತಕ ಇಟ್ಟು ಬೆರಳಿಟ್ಟು ಓದಿದರು. ಒಂದು ನಿಮಿಷವೂ ಆಚೀಚೆ ಇರಲಿಲ್ಲ. ಹದಿನೇಳಕ್ಕೆ ಹದಿನೇಳು.

"ನಮ್ಮಪ್ಪ ಕುಡೀತಿದ್ದ ಅಂತ ಬರೆದಿದ್ದೀರಲ್ಲ," ಅಂದಳು ಹುಡುಗಿ. ಧ್ವನಿ ಏರಲಿಲ್ಲ. "ಅದನ್ನ ಹೊಡೆದುಹಾಕಿ. ನನ್ನ ಕಣ್ಣೆದುರಿಗೇ ಹೊಡೆದುಹಾಕಿ."

ಅಧಿಕಾರಿ ಪೆನ್ನು ತೆಗೆದು, ಅವಳಿಗೆ ಕಾಣುವ ಹಾಗೆ ಕಾಗದ ತಿರುಗಿಸಿ, ಆ ಸಾಲಿನ ಮೇಲೆ ಗೆರೆ ಎಳೆದರು. ಬದಿಯಲ್ಲಿ "ಮಾಲೀಕರ ನಿರ್ಲಕ್ಷ್ಯ" ಅಂತ ಬರೆದರು.

ಆಮೇಲೆ ಕೇಳಿದರು, "ಈ ಹದಿನೆಂಟನೇದು?"

ಪುಸ್ತಕದಲ್ಲಿ ಅದು ಇರಲಿಲ್ಲ. ಇರುವುದು ಹೇಗೆ? ತಾರೀಖು ಅವನು ಬಿದ್ದ ದಿನದ್ದು. ಸಂಜೆ ಆರು ಐವತ್ತೆರಡು. "ಮೂರನೇ ಮಹಡಿ. ಬಾಗಿಲು ತೆರೆಯಿತು. ಪೆಟ್ಟಿಗೆ ಬಂದಿಲ್ಲ. ಈ ಸಲವಾದರೂ ನೋಡಿ."

ಫೈಲನ್ನೇ ನೋಡುತ್ತೇನೆ ಅಂತ ಅಧಿಕಾರಿ ಎದ್ದು ಗಾಜಿನ ಕೋಣೆಗೆ ಹೋದರು. ರಾತ್ರಿಯಿಂದ ಆ ಕಂಪ್ಯೂಟರಿನ ಪರದೆ ಹಾಗೇ ಉರಿಯುತ್ತಿತ್ತು. ಸಮಾಧಾನಪ್ಪ ಬೆಳಿಗ್ಗೆ ಅತ್ತ ಕಾಲಿಟ್ಟಿರಲಿಲ್ಲ. ನಾನು ಬಾಗಿಲಲ್ಲಿ ನಿಂತಿದ್ದೆ. ಅಧಿಕಾರಿ ಬೆಳ್ಳಗಿನ ಕೀಬೋರ್ಡಿನ ಮೇಲೆ ಒಂದು ಕೀಲಿ ಒತ್ತಿದರು... ಬೆರಳು ಎತ್ತಿ ನೋಡಿಕೊಂಡರು. ಮೂಗಿನ ಹತ್ತಿರ ಹಿಡಿದರು. ಆಮೇಲೆ ಕರ್ಚೀಫು ತೆಗೆದು ಆ ಬೆರಳನ್ನು ಒರೆಸಿಕೊಂಡರು. ಎರಡು ಸಲ.

ವರದಿಯಲ್ಲಿ ಅದನ್ನು ಅವರು ಬರೆಯಲಿಲ್ಲ, ಗುಬ್ಬಿ ಕೇಳಿ ತಿಳಿದುಕೊಂಡಳು. ನೀವು ನಂಬಿ, ಬಿಡಿ. ಕರ್ಚೀಫು ನನ್ನಿಂದ ಒಂದು ಮೊಳ ದೂರದಲ್ಲಿತ್ತು. ಅದಕ್ಕೆ ಹತ್ತಿದ್ದು ಗ್ರೀಸು.