ಒಲೆಯೊಳಗಿನ ಬಿಸಿಲು

ಗದಗಿನ ಬಸ್ಸಿನಲ್ಲಿ ಶೈಲಾಳ ಕಿವಿಯೆಲ್ಲ ಮುಂದಿನ ಸೀಟಿನ ಮೇಲಿತ್ತು. ಅಲ್ಲಿ ಶಾಲೆಗೆ ಹೊರಟ ನಿಶಾತ, ತನ್ನ ನೆರೆಮನೆಯ ಮುದುಕಿ ಸುಮಿತ್ರವ್ವನ ಪಕ್ಕ ಕುಳಿತು ಉಗುರು ಕಚ್ಚುತ್ತಿದ್ದಳು.

“ಆಯಿ, ಇವತ್ತ ಉತ್ತರ ಹೇಳದಿದ್ರ ಕ್ವಿಜ್ ತಂಡದಾಗ ನಾ ಇಲ್ಲ.”

“ಏನ ಕೇಳ್ಯಾರ ನಿಮ್ಮ ಸರ್?”

“ಎಲಿ ಬಿಸಲು, ನೀರು, ಗಾಳಿ ಕೂಡಿಸಿ ಊಟ ತಯಾರ ಮಾಡತೈತಲ್ಲ, ಅದನ್ನ ಉಲ್ಟಾ ಮಾಡಾಕ ಬರತೈತೇನು ಅಂತ.”

“ಹುಚ್ಚಿ, ನಾ ದಿನಾ ಮಾಡತೇನಿ! ಹತ್ತಿಕಟಗಿ ಒಲಿಗೆ ಹಾಕಿದರ, ಹೊಲದಾಗ ಕುಡಿದ ಬಿಸಲೆಲ್ಲಾ ವಾಪಸ್ ಕೊಡತೈತಿ.”

“ಖರೇನ ಆಯಿ! ಎಲಿ ಮಾಡಿದ್ದನ್ನ ಒಲಿ ಉಲ್ಟಾ ಮಾಡತೈತಿ!”

“ನಿನ್ನ ಹೊಟ್ಟೀನೂ ಒಂದ ಒಲೀನ. ಉಂಡದ್ದು ಒಳಗ ಉರಿದು, ಗಾಳಿ, ನೀರಾಗಿ ಉಸರಿನಾಗ ಹೊರಗ ಬರತೈತಿ.”

ಬಸ್ಸು ನಿಂತಿತು. ಸುಮಿತ್ರವ್ವ ಬುತ್ತಿ ಬಿಚ್ಚಿ ಒಂದು ರೊಟ್ಟಿ ಕೊಟ್ಟಳು.

“ಸರ್‌ಗೆ ಕೊಡು. ತಿಂದು ಜೋರಾಗಿ ಒಂದ ಉಸರ ಬಿಡ್ರಿ ಅನ್ನು. ಉತ್ತರ ಅದ ಐತಿ.”

ಇಬ್ಬರೂ ನಗುತ್ತ ಇಳಿದುಹೋದರು. ಶೈಲಾ ಮೆಲ್ಲಗೆ ಒಂದು ಉಸಿರು ಬಿಟ್ಟು ನೋಡಿದಳು.