ಗರ್ಭಚೀಲ ತೆಗೆಸಿದ ಅಕ್ಕ

ಸಿರುಗುಪ್ಪ ಬಸ್ ಸ್ಟ್ಯಾಂಡಿನಲ್ಲಿ ಬಳ್ಳಾರಿ ಬಸ್ಸಿಗೆ ಕಾಯುತ್ತಿದ್ದ ಜ್ಯೋತಿಲಕ್ಷ್ಮಿಯ ಪಕ್ಕ ಹಚ್ಚೊಳ್ಳಿ ಕಡೆಯ ಅಕ್ಕತಂಗಿಯರಿಬ್ಬರು ಬಂದು ಕೂತರು. ಅಕ್ಕನಿಗೆ ನಲವತ್ತೂ ತುಂಬಿರಲಿಕ್ಕಿಲ್ಲ. ಬೆಳಗಿನ ಚಳಿಯಲ್ಲೂ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು.

“ಮತ್ತ ಬೆವರಾಕತ್ತಿಯೇನು ಜಡೆಮ್ಮಕ್ಕ?” ತಂಗಿ ಕೇಳಿದಳು.

“ಮೈಯೆಲ್ಲ ಉರೀತೈತಿ. ಗರ್ಭಚೀಲ ತೆಗೆಸಿದಾಗಿಂದ ಹಿಂಗ. ನಿಂಗ ಬಳ್ಳಾರಿ ಡಾಕ್ಟರು ಏನಂದ್ರು ಭಾಗ್ಯಾ?”

“ರಕ್ತ ಹೋಗೂದನ್ನ ಹಂಗ ಬಿಟ್ರ ಕ್ಯಾನ್ಸರ್ ಆಗತೈತಿ, ಇವತ್ತ ಬಂದು ಅಡ್ಮಿಟ್ ಆಗು ಅಂದ್ರು. ನನ್ನ ಗಂಡನೂ ತೆಗೆಸಿಬಿಡು, ತಿಂಗ್ಳಾ ತಿಂಗ್ಳಾ ಕೂಲಿ ತಪ್ಪೂದು ನಿಲ್ಲತೈತಿ ಅಂದ.”

“ನಂಗೂ ಹಂಗ ಅಂದಿದ್ರು. ನಾಟಿ ಮಾಡಾಕ ಗದ್ದ್ಯಾಗ ನಿಂತ್ರ ಕಾಲ್ಗುಂಟ ರಕ್ತ ಇಳೀತಿತ್ತು. ಮೇಸ್ತ್ರಿ ಕೆಲಸಕ್ಕ ಕರೀತಿದ್ದಿಲ್ಲ. ತೆಗೆಸಿದ್ರ ಪೀಡಾ ಹೋಗತೈತಿ ಅನ್ಕೊಂಡೆ. ಈಗ ನಿದ್ದಿಲ್ಲ, ಸೊಂಟದಾಗ ಬಲ ಇಲ್ಲ.”

“ಅವತ್ತು ದವಾಖಾನಿಂದ ನಕ್ಕೋಂತ ಮನಿಗೆ ಬಂದಿದ್ದಿ. ಹಿಂಗಾಗತೈತಿ ಅಂತ ನಂಗ್ಯಾಕ ಹೇಳಲಿಲ್ಲ?”

“ನಂಗ ಯಾರು ಹೇಳಿದ್ರವ್ವಾ?”

ಕೇಳಿಸಿಕೊಳ್ಳುತ್ತಿದ್ದ ಜ್ಯೋತಿಲಕ್ಷ್ಮಿ ಸರಿದು, ಜಡೆಮ್ಮನಿಗೆ ಒರಗಿ ಕೂರಲು ಜಾಗ ಬಿಟ್ಟಳು.

ಬಳ್ಳಾರಿ ಬಸ್ಸು ಬಂತು. ಭಾಗ್ಯ ಬಟ್ಟೆಯ ಚೀಲ ಎತ್ತಿಕೊಂಡಳು. ಜಡೆಮ್ಮ ಅದನ್ನು ಅವಳ ಕೈಯಿಂದ ಕಸಿದುಕೊಂಡಳು.

“ಈ ಬಸ್ ಬ್ಯಾಡ. ಮೊದ್ಲು ಇಲ್ಲೇ ಸರ್ಕಾರಿ ದವಾಖಾನ್ಯಾಗ ಲೇಡಿ ಡಾಕ್ಟರನ್ನ ಕೇಳೂಣು ಬಾ.”

“ಮನ್ಯಾಗ ಬೈತಾನಕ್ಕ.”

“ಬೈಲಿ. ನಿಂಗ ಬ್ಯಾಡ ಅನ್ನಾಕ ನಾನರ ಅದೀನಿ. ನಂಗ ಯಾರೂ ಇದ್ದಿಲ್ಲ.”

ಭಾಗ್ಯ ಸ್ವಲ್ಪ ಹೊತ್ತು ಬಸ್ಸನ್ನೇ ನೋಡಿದಳು. ಆಮೇಲೆ ಅಕ್ಕನ ಕೈ ಹಿಡಿದಳು. ಜಡೆಮ್ಮ ಸೊಂಟಕ್ಕೆ ಕೈ ಕೊಟ್ಟು ಕಷ್ಟಪಟ್ಟು ಎದ್ದಳು. ಇಬ್ಬರೂ ಬಸ್ಸು ಹತ್ತುವ ಜನರನ್ನು ಸರಿಸಿಕೊಂಡು ನಡೆದುಹೋದರು.